ಕಮ್ಮಾರನಿಗೆ ಗೊತ್ತು, ರಸ್ತೆ ಹಾಕುವವರಿಗೆ ಗೊತ್ತಿಲ್ಲವೆ?

ಮರಳಿ: ಬಂಡಿಯ ಗಾಲಿಗೆ ಹಳಿ ಹಾಕುವುದನ್ನು ಗಂಗಾವತಿ ಸೀಮೆಯ ಹಿರಿಯರು ಕಂಡವರೇ. ಹಳಿಯ ಅಳತೆ ಗಾಲಿಗಿಂತ ತುಸು ಕಡಿಮೆ. ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಸಿ, ಗಾಲಿಗೆ ಕೂಡಿಸಿ ನೀರು ಸುರಿದರೆ ಹಳಿ ಕಟ್ಟಿಗೆಯನ್ನು ಅಪ್ಪಿ ಹಿಡಿಯುತ್ತದೆ. "ಕಾಸಿದ್ರ ಹಿಗ್ಗತೈತಿ, ಆರಿದ್ರ ಕುಗ್ಗತೈತಿ." ಕಮ್ಮಾರನ ಶಾಸ್ತ್ರ ಇಷ್ಟೇ.

ಓಣಿಯ ಸಿಮೆಂಟ್ ರಸ್ತೆಗೂ ಶಾಸ್ತ್ರ ಇದೇ. ಈ ಭಾಗದಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ಮುಟ್ಟುವುದು ಹೊಸ ಸುದ್ದಿಯಲ್ಲ. ಚಳಿಗಾಲದ ನಸುಕಿಗೂ ಈ ಬಿಸಿಲಿಗೂ 25 ಡಿಗ್ರಿ ಅಂತರವೆಂದು ಹಿಡಿದರೆ, 100 ಮೀಟರ್ ಉದ್ದದ ಕಾಂಕ್ರೀಟು ಸುಮಾರು 25 ಮಿಲಿಮೀಟರ್, ಅಂದರೆ ಒಂದು ಇಂಚು, ಹಿಗ್ಗಿ ಕುಗ್ಗುತ್ತದೆ. ಅಷ್ಟೇ ಉದ್ದದ ಉಕ್ಕು 30 ಮಿಲಿಮೀಟರ್, ಅಲ್ಯೂಮಿನಿಯಂ 57. ಉಕ್ಕು, ಕಾಂಕ್ರೀಟು ಹೆಚ್ಚುಕಡಿಮೆ ಒಂದೇ ಹದದಲ್ಲಿ ಹಿಗ್ಗುವುದರಿಂದಲೇ ಮನೆಯ ಆರ್‌ಸಿಸಿ ಛಾವಣಿಯಲ್ಲಿ ಇವೆರಡರ ಸಂಸಾರ ಸುಸೂತ್ರ ನಡೆದಿದೆ. ಅಲ್ಯೂಮಿನಿಯಂ ಸರಳು ಹಾಕಿದ್ದರೆ ಎಂದೋ ಬೇರೆಯಾಗುತ್ತಿದ್ದವು!

ಹಿಗ್ಗುವುದಕ್ಕಿಂತ ಕುಗ್ಗುವಾಗಲೇ ಅಪಾಯ ಹೆಚ್ಚು. ಕಾಂಕ್ರೀಟು ಎಳೆದುಕೊಳ್ಳಲು ನೋಡುತ್ತದೆ, ಕೆಳಗಿನ ನೆಲ ಬಿಡುವುದಿಲ್ಲ. ಭಾರ ಹೊರುವ ಕಾಂಕ್ರೀಟಿಗೆ ಎಳೆತ ತಡೆಯುವ ತಾಕತ್ತು ಅದರ ಹತ್ತನೆಯ ಒಂದು ಪಾಲಷ್ಟೇ. ಹೊಸದಾಗಿ ಹಾಕಿದ್ದು ಒಣಗುವಾಗಲೂ ಕುಗ್ಗುತ್ತದೆ. ಜಾಗ ಬಿಡದಿದ್ದರೆ ತಾನೇ ದಾರಿ ಮಾಡಿಕೊಂಡು ಸೀಳುತ್ತದೆ. ಆ ಸೀಳಿನಲ್ಲಿ ನೀರು ಇಳಿದು, ಮೇಲೆ ಭತ್ತ ಹೇರಿದ ಟ್ರ್ಯಾಕ್ಟರು ಹಾದರೆ ಮುಗಿಯಿತು ರಸ್ತೆಯ ಕಥೆ.

ಇದಕ್ಕೆ ಮದ್ದು ದುಬಾರಿಯದಲ್ಲ. ಹಳ್ಳಿಯ ರಸ್ತೆಗೆ 2.5ರಿಂದ 4 ಮೀಟರಿಗೊಂದು ಅಡ್ಡಗೀರು ಬೇಕು. ಅದು ಕಾಂಕ್ರೀಟಿನ ದಪ್ಪದ ಕಾಲುಭಾಗದಷ್ಟಾದರೂ ಆಳವಿರಬೇಕು. ಕಾಂಕ್ರೀಟು ಹಾಕಿದ ಒಂದು ದಿನದೊಳಗೇ ಯಂತ್ರದಿಂದ ಕೊರೆಯಬೇಕು. ಸಿಡಿಸೇತುವೆ, ಕಟ್ಟಡಗಳಿಗೆ ತಾಗುವಲ್ಲಿ ಪೂರ್ತಿ ಸಂದು ಬಿಟ್ಟು ಡಾಂಬರು ತುಂಬಬೇಕು. ನೀರುಣಿಸುವುದನ್ನು ತಪ್ಪಿಸಬಾರದು.

"ಬಿಸಲು ಭಾಳ ರೀ, ಅದಕ್ಕ ಒಡದೈತಿ" ಎಂಬ ಸಬೂಬು ನಡೆಯಬಾರದು. ಬಿಸಿಲು ನಿನ್ನೆ ಮೊನ್ನೆ ಬಂದದ್ದಲ್ಲ. ಮರಳಿಯಲ್ಲಿರಲಿ, ಮತ್ತೊಂದು ಹಳ್ಳಿಯಲ್ಲಿರಲಿ, ಬಿಲ್ಲಿಗೆ ಸಹಿ ಬೀಳುವ ಮುಂಚೆ ಪಂಚಾಯ್ತಿ ಸದಸ್ಯರು ಟೇಪು ಹಿಡಿದು ಒಮ್ಮೆ ಓಣಿಯಲ್ಲಿ ನಡೆಯಲಿ. ಗೀರುಗಳನ್ನು ಎಣಿಸಲಿ, ಆಳ ನೋಡಲಿ. ರಸ್ತೆಗೆ ಸುರಿಯುವುದು ಜನರ ದುಡ್ಡು. ಮನುಷ್ಯ ಗೀರು ಹಾಕದಿದ್ದರೆ ಬಿಸಿಲು ಹಾಕಿಯೇ ಹಾಕುತ್ತದೆ, ಆದರೆ ಅದಕ್ಕೆ ನೇರ ಗೆರೆ ಎಳೆಯಲು ಬಾರದು.