ಮೇಷ್ಟ್ರು ಎಸೆಯದ ಕೊಂಬೆ

ಕಳೆದ ಭಾನುವಾರ ನನ್ನ ಮೊಮ್ಮಗ ಆಟ ಮುಗಿಸಿ ಬರುವಾಗ ಕೈಯಲ್ಲೊಂದು ಗಿಡದ ರೆಂಬೆ ಹಿಡಿದುಕೊಂಡು ಬಂದ. "ತಾತ, ಇದು ಯಾವ ಗಿಡ?" ಎಂದು ಕೇಳಿದ. ನಾನು ಪೇಪರ್ ಓದುತ್ತಿದ್ದೆ. ತಲೆ ಎತ್ತದೆ, "ಯಾವುದೋ ಕಳೆ ಕಣೋ, ಹೊರಗೆ ಹಾಕು" ಅಂದುಬಿಟ್ಟೆ. ಅವನು ಹೊರಗೆ ಹಾಕಿ ಬಂದ. ಮತ್ತೇನೂ ಕೇಳಲಿಲ್ಲ. ಆ ಸುಮ್ಮನಿರುವಿಕೆ ರಾತ್ರಿಯೆಲ್ಲ ನನ್ನನ್ನು ಕಾಡಿತು. ಏಕೆಂದರೆ ಇಂಥದೇ ಒಂದು ಕೊಂಬೆಯ ಕಥೆ ನಾನು ಓದಿದ್ದೆ.

ಮಕ್ಕಳೇ, ನಿಮ್ಮ ಭೂಪಟ ತೆಗೆಯಿರಿ. ಹಿಂದೂ ಮಹಾಸಾಗರದಲ್ಲಿ ಮಾರಿಷಸ್ ಹುಡುಕಿ. ಅಲ್ಲಿಂದ ಸುಮಾರು 560 ಕಿಲೋಮೀಟರ್ ಪೂರ್ವಕ್ಕೆ ರೋಡ್ರಿಗಸ್ ಎಂಬ ಪುಟ್ಟ ದ್ವೀಪವಿದೆ. ಅದರ ವಿಸ್ತೀರ್ಣ ಸುಮಾರು 108 ಚದರ ಕಿಲೋಮೀಟರ್, ಅಷ್ಟೇ. ಬೇರೆ ಯಾವ ನೆಲದಲ್ಲೂ ತಾನಾಗಿ ಬೆಳೆಯದ ಒಂದು ಪೊದೆಗಿಡ ಅಲ್ಲಿದೆ. ಅದರ ಹೆಸರು 'ಕೆಫೆ ಮರೋನ್', ಅಂದರೆ ಕಾಡು ಕಾಫಿ. ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ಗಿಡಕ್ಕೂ ನಮ್ಮ ಕೇಪಳಕ್ಕೂ ಅದು ದಾಯಾದಿ. ಎಲ್ಲವೂ ಒಂದೇ ಕುಟುಂಬದವು. ಅದರ ಹೂವು ಅಚ್ಚ ಬಿಳಿ, ನಕ್ಷತ್ರದ ಹಾಗೆ.

ಈ ಗಿಡ ಬಾಲ್ಯದಲ್ಲಿ ವೇಷ ಹಾಕುತ್ತದೆ! ಎಳೆಯದಿದ್ದಾಗ ಎಲೆಗಳು ಉದ್ದ, ಕಿರಿದು, ಕಂದು ಬಣ್ಣ. ದೊಡ್ಡದಾದ ಮೇಲೆ ಅಗಲವಾದ ಹಸಿರೆಲೆ. ಹಿಂದೆ ಆ ದ್ವೀಪದ ತುಂಬ ದೈತ್ಯ ಆಮೆಗಳಿದ್ದವು. ಅವುಗಳ ಕಣ್ಣು ತಪ್ಪಿಸಲು ಈ ಉಪಾಯ ಎಂದು ತಜ್ಞರ ಊಹೆ.

1874ರಲ್ಲಿ ಶುಕ್ರಗ್ರಹವು ಸೂರ್ಯನ ಮುಂದೆ ಹಾದುಹೋಗುವುದನ್ನು ನೋಡಲು ಬ್ರಿಟಿಷರ ತಂಡವೊಂದು ರೋಡ್ರಿಗಸ್‌ಗೆ ಹೋಗಿತ್ತು. ಆ ತಂಡದಲ್ಲಿದ್ದ ಐಸಾಕ್ ಬಾಲ್ಫೋರ್ ಎಂಬ ಸಸ್ಯವಿಜ್ಞಾನಿ ಅಲ್ಲಿನ ಗಿಡಗಳ ವಿವರ ಬರೆದಿಟ್ಟರು. ಆಮೇಲೆ ಜನ ಕಾಡು ಕಡಿದರು. ಆಡುಗಳು ಚಿಗುರು ಮೇಯ್ದವು. ಹೊರಗಿನಿಂದ ಬಂದ ಗಿಡಗಳು ಎಲ್ಲೆಡೆ ಹಬ್ಬಿದವು. ಕಾಡು ಕಾಫಿ ಅಳಿದೇ ಹೋಯಿತೆಂದು ತಿಳಿದವರೆಲ್ಲ ನಂಬಿದರು.

1980ರ ಸುಮಾರಿಗೆ ಅಲ್ಲಿನ ಶಾಲೆಯ ಮೇಷ್ಟ್ರೊಬ್ಬರು, ಊರಿನ ಗಿಡಗಳನ್ನು ಹುಡುಕಿ ಎಂದು ಮಕ್ಕಳಿಗೆ ಹೇಳಿದರು. ಒಬ್ಬ ಹುಡುಗ ಒಂದು ಕೊಂಬೆ ತಂದ. ಅದು ಯಾವ ಗಿಡದ್ದೆಂದು ಮೇಷ್ಟ್ರಿಗೆ ಗೊತ್ತಾಗಲಿಲ್ಲ. ಆದರೆ ಅವರು ಅದನ್ನು ಎಸೆಯಲಿಲ್ಲ. ಕೊನೆಗೆ ಅದನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನದ ತಜ್ಞರು ನೋಡಿ, ಇದು ಕಾಡು ಕಾಫಿಯೇ ಎಂದರು. ಇಡೀ ದ್ವೀಪದಲ್ಲಿ ಉಳಿದಿದ್ದದ್ದು ಅದೊಂದೇ ಗಿಡ!

ಸುದ್ದಿ ಹರಡಿದ್ದೇ ಗಿಡಕ್ಕೆ ಕಂಟಕವಾಯಿತು. ಅದು ಔಷಧಿ ಎಂಬ ನಂಬಿಕೆಯಿಂದ ಜನ ಬಂದು ಕೊಂಬೆ ಮುರಿದರು. ಬೇಲಿ ಹಾಕಿದರೆ ಬೇಲಿಯನ್ನೂ ದಾಟಿದರು. ಬೇಲಿಯ ಸುತ್ತ ಮತ್ತೊಂದು ಬೇಲಿ ಹಾಕಬೇಕಾಯಿತು.

1986ರಲ್ಲಿ ಕೆಲವು ತುಂಡುಗಳನ್ನು ವಿಮಾನದಲ್ಲಿ ಕ್ಯೂಗೆ ಒಯ್ದು ನೆಟ್ಟರು. ಅವುಗಳಲ್ಲಿ ಒಂದು ಬೇರು ಬಿಟ್ಟಿತು. ಅದರಿಂದ ಇನ್ನಷ್ಟು ಗಿಡ ಮಾಡಿದರು. ಹೂವೂ ಧಾರಾಳವಾಗಿ ಬಿಟ್ಟಿತು. ಆದರೆ ವರ್ಷಗಟ್ಟಲೆ ಒಂದು ಬೀಜವೂ ಕಟ್ಟಲಿಲ್ಲ. ತುಂಡಿನಿಂದ ಎಷ್ಟು ಗಿಡ ಮಾಡಿದರೂ ಎಲ್ಲವೂ ಅದೇ ಒಂದು ಗಿಡದ ಪಡಿಯಚ್ಚು. ಬೀಜ ಕಟ್ಟಿದರೆ ಮಾತ್ರ ಮುಂದಿನ ಪೀಳಿಗೆ. ಕ್ಯೂನ ತೋಟಗಾರ ಕಾರ್ಲೋಸ್ ಮ್ಯಾಗ್ಡಲೆನಾ ಪಟ್ಟು ಬಿಡಲಿಲ್ಲ. ಹೂವಿನ ಶಲಾಕಾಗ್ರದ ತುದಿಯನ್ನು ಕತ್ತರಿಸಿ, ಕತ್ತರಿಸಿದ ಜಾಗಕ್ಕೆ ಪರಾಗ ಸವರಿದರು. ಒಂದರ ಮೇಲೊಂದು ಹೂವಿಗೆ ಹೀಗೆ ಮಾಡುತ್ತಲೇ ಹೋದರು. 2003ರಲ್ಲಿ ಕೊನೆಗೂ ಕಾಯಿ ಬಲಿತು ಬೀಜ ಸಿಕ್ಕಿತು. ಆ ಬೀಜದ ಸಂತಾನ ಇಂದು ರೋಡ್ರಿಗಸ್‌ನ ಮಣ್ಣಿನಲ್ಲಿ ಬೆಳೆಯುತ್ತಿದೆ.

ಇಷ್ಟೆಲ್ಲ ಆದದ್ದು ಹೇಗೆ? ಒಬ್ಬ ಹುಡುಗ ಕೊಂಬೆ ತಂದ; ಒಬ್ಬ ದೊಡ್ಡವರು ಅದನ್ನು ಕಣ್ಣಿಟ್ಟು ನೋಡಿದರು. ಆ ಮೇಷ್ಟ್ರೂ ನನ್ನ ಹಾಗೆ "ಯಾವುದೋ ಕಳೆ" ಅಂದಿದ್ದರೆ?

ಸೋಮವಾರ ಬೆಳಿಗ್ಗೆ ಗೇಟಿನ ಹತ್ತಿರ ಹೋಗಿ ನೋಡಿದೆ. ರೆಂಬೆ ಇರಲಿಲ್ಲ, ಕಸದ ಗಾಡಿ ಬಂದು ಹೋಗಿತ್ತು. ಸಂಜೆ ಮೊಮ್ಮಗನನ್ನು ಕರೆದು, "ಆ ಗಿಡ ಎಲ್ಲಿದೆ, ತೋರಿಸ್ತೀಯಾ?" ಎಂದು ನಾನೇ ಕೇಳಿದೆ. ಮೊದಲು ಅನುಮಾನದಿಂದ ನನ್ನ ಮುಖ ನೋಡಿದ. ಆಮೇಲೆ ಕೈ ಹಿಡಿದು ಓಡುವಂತೆ ಕರೆದುಕೊಂಡು ಹೋದ. ಮೈದಾನದ ಗೋಡೆಯ ಪಕ್ಕದಲ್ಲಿ ಮೊಣಕಾಲೆತ್ತರದ ಗಿಡ, ಸಣ್ಣ ಸಣ್ಣ ಹೂವು. ಈ ಸಲ ಕೊಂಬೆ ಮುರಿಯಲಿಲ್ಲ. ಅವನು ಎಲೆಯ ಚಿತ್ರ ಬರೆದುಕೊಂಡ, ನಾನು ಪಕ್ಕದಲ್ಲಿ ತಾರೀಖು ಬರೆದೆ.

ಬಹುಶಃ ಅದು ಎಲ್ಲೆಡೆ ಸಿಗುವ ಗಿಡವೇ ಇರಬಹುದು. ಬ್ಯಾಂಕಿನಲ್ಲಿ ಲೆಕ್ಕ ಬರೆದುಕೊಂಡೇ ವಯಸ್ಸಾದ ನನಗೆ ಅದರ ಹೆಸರು ಗೊತ್ತಿಲ್ಲ. "ಗೊತ್ತಿಲ್ಲ ಕಣೋ, ಇಬ್ಬರೂ ಹುಡುಕೋಣ" ಎಂದು ಭಾನುವಾರವೇ ಹೇಳಬಹುದಿತ್ತು. ಒಂದು ದಿನ ತಡವಾಗಿ ಹೇಳಿದೆ. ಅಜ್ಜ ಅಜ್ಜಿಯರೇ, ನೀವು ತಡಮಾಡಬೇಡಿ.