ಅಕ್ಷರದ ತಪ್ಪು, ಅಧಿಕಾರದ ಹೊಣೆ

ಆಳಂದ, ಅಫಜಲಪುರ, ಜೇವರ್ಗಿ ಎಂಬ ನಮ್ಮ ಮೂರು ತಾಲೂಕುಗಳ ಹೆಸರುಗಳನ್ನೇ ಫಲಕಗಳೂ ಪತ್ರಗಳೂ ಒಂದೇ ಬಗೆಯಾಗಿ ಬರೆಯುತ್ತಿಲ್ಲ. ಆಳಂದವು ಒಂದೆಡೆ ಆಲಂದವಾಗಿದೆ, ಅಫಜಲಪುರವು ಅಫಜಲಪೂರವೂ ಅಫ್ಜಲ್‌ಪುರವೂ ಆಗಿದೆ, ಜೇವರ್ಗಿಯು ಜೇವರಗಿಯಾಗಿದೆ. ಊರಿನ ಹೆಸರಿಗೇ ಈ ಗತಿಯಾದರೆ ಅಲ್ಲಿಯ ರೈತನ ಹೆಸರಿನ ಗತಿಯೇನು? ಬರವಣಿಗೆಯೆಲ್ಲ ಗಣಕಯಂತ್ರಕ್ಕೂ ಮೊಬೈಲಿಗೂ ಸೇರಿರುವ ಈ ಕಾಲದಲ್ಲಿ ವ್ಯಾಕರಣದ ಮತ್ತು ಕಾಗುಣಿತದ ತಪ್ಪುಗಳನ್ನು ಎಷ್ಟರ ಮಟ್ಟಿಗೆ ಎಣಿಸಬೇಕೆಂಬ ವಾದವು ವಿದ್ಯಾವಂತರಲ್ಲಿ ನಡೆದಿದೆ. ಅರ್ಥವಾದರೆ ಸಾಕೆಂಬವರು ಕೆಲವರು. ತಪ್ಪಾಗಿ ಬರೆದವನ ಮಾತು ಕೇಳತಕ್ಕದ್ದೇ ಅಲ್ಲವೆಂಬವರು ಕೆಲವರು. ಎರಡೂ ಪಕ್ಷದವರು ವಿಷಯದ ಮರ್ಮವನ್ನು ಕೈಬಿಟ್ಟಿದ್ದಾರೆಂದು ನಮ್ಮ ಅಭಿಪ್ರಾಯ. ತಪ್ಪಿನ ತೂಕವನ್ನು ಬರೆದವನ ಅಧಿಕಾರದ ತಕ್ಕಡಿಯಲ್ಲಿ ತೂಗಬೇಕು.

ಮೊದಲು ತಪ್ಪು ಯಾವದು, ಯಾವದು ಅಲ್ಲ ಎಂಬದನ್ನು ತಿಳಿಯಬೇಕು. ಭೀಮಾತೀರದ ರೈತನೊಬ್ಬನು ತನ್ನ ಮೊಬೈಲಿನಲ್ಲಿ ‘ಹಂಗ ಮಾಡ್ಯಾರ’ ಎಂದು ಬರೆದರೆ ಅದು ಅವನ ನಾಡಿನ ನುಡಿಯೇ ಹೊರತು ದೋಷವಲ್ಲ. ನಮ್ಮ ಜಿಲ್ಲೆಯ ಮಳಖೇಡವನ್ನು ರಾಜಧಾನಿಯಾಗಿ ಮಾಡಿಕೊಂಡಿದ್ದ ನೃಪತುಂಗನ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಈ ಮಾತನ್ನು ಆಗಲೇ ಆಡಿದೆ. ದೇಸಿಯು ಬೇರೆ ಬೇರೆಯಾಗಿರುವದರಿಂದ ಕನ್ನಡಗಳಲ್ಲಿಯ ದೋಷವನ್ನು ಇಷ್ಟೆಂದು ಎಣಿಸಲು ವಾಸುಕಿಗೂ ಸಾಧ್ಯವಾಗದೆ ಬೇಸರ ಬರುವದೆಂಬದು ಅದರ ಆಶಯ. ಆದರೆ ಅದೇ ಗ್ರಂಥವು ಕಾವ್ಯ ರಚಿಸುವವನಿಗೆ ದೋಷಗಳನ್ನು ವಿವರವಾಗಿ ತಿಳಿಸಿ ಎಚ್ಚರಿಸುತ್ತದೆ. ಜನಕ್ಕೆ ಔದಾರ್ಯ, ಕವಿಗೆ ಕಟ್ಟುನಿಟ್ಟು. ಈ ವಿವೇಕವು ನಮ್ಮ ನೆಲದ್ದೇ ಆಗಿದೆ.

ಅಲ್ಲದೆ ಈ ಭಾಗದ ಚರಿತ್ರೆಯನ್ನು ಮರೆತು ನಗುವದು ಅನ್ಯಾಯ. ನಿಜಾಮರ ಕಾಲದಲ್ಲಿ ಇಲ್ಲಿಯ ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾಭಾಷೆಯೂ ಉರ್ದುವೇ. 1948ರ ಸೆಪ್ಟೆಂಬರ್ 17ರಂದು ಬಿಡುಗಡೆಯಾಗಿ, 1956ರ ನವೆಂಬರ್ 1ರಂದು ಕನ್ನಡ ರಾಜ್ಯಕ್ಕೆ ಸೇರಿದ ಮೇಲೆಯೇ ಕನ್ನಡವು ಇಲ್ಲಿ ದಫ್ತರದ ಹೊಸ್ತಿಲು ದಾಟಿತು. ಅಂಥ ಮನೆತನದ ಮಕ್ಕಳು ಇಂದು ಧೈರ್ಯವಾಗಿ ಕನ್ನಡದಲ್ಲಿ ಬರೆಯುತ್ತಿರುವಾಗ ಒಂದು ಮಹಾಪ್ರಾಣ ತಪ್ಪಿತೆಂದು ಅವರನ್ನು ಹೀಯಾಳಿಸಿದರೆ ಅವರು ತಿದ್ದಿಕೊಳ್ಳುವದಿಲ್ಲ, ಕನ್ನಡವನ್ನೇ ಬಿಡುತ್ತಾರೆ.

ಆದರೆ ಸರಕಾರದ ಬರಹದ ಮಾತೇ ಬೇರೆ. ‘ಬೆಳೆ’ ಹೋಗಿ ‘ಬೆಲೆ’ಯಾದರೆ, ‘ದನ’ ಹೋಗಿ ‘ಧನ’ವಾದರೆ, ಓದುವ ಮನುಷ್ಯನು ಸಂದರ್ಭದಿಂದ ತಿದ್ದಿಕೊಂಡಾನು, ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಉರ್ದು ದಫ್ತರದಲ್ಲಿದ್ದ ಹೆಸರುಗಳು ಮುಂದೆ ಕನ್ನಡಕ್ಕೆ ಬಂದವು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಿಂದ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಬ್ಯಾಂಕಿನ ಕಾಗದಗಳಲ್ಲಿಯ ಹೆಸರು ರೋಮನ್ ಲಿಪಿಯದು. ಉರ್ದುವಿನಲ್ಲಿ ಳಕಾರಕ್ಕೆ ಅಕ್ಷರವಿಲ್ಲ, ಹ್ರಸ್ವಸ್ವರವನ್ನು ಸಾಮಾನ್ಯವಾಗಿ ಬರೆಯುವದಿಲ್ಲ. ರೋಮನ್ ಲಿಪಿಯಲ್ಲಿ ಲಕಾರಕ್ಕೂ ಳಕಾರಕ್ಕೂ ಒಂದೇ ಗುರುತು. ಹೀಗೆ ಮೂರು ಲಿಪಿಗಳ ಕೈಯಲ್ಲಿ ಸಿಕ್ಕ ಹೆಸರು ಮೂರು ಹೆಸರಾಗುವದರಲ್ಲಿ ಆಶ್ಚರ್ಯವಿಲ್ಲ.

ಇದರ ಫಲವನ್ನು ಉಣ್ಣುವವರು ಯಾರು? 2019ರಲ್ಲಿ ಆರಂಭವಾದ ಕಿಸಾನ್ ಸಮ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 6000 ರೂಪಾಯಿ ಮೂರು ಕಂತುಗಳಲ್ಲಿ ರೈತನ ಖಾತೆಗೆ ಸೇರಬೇಕು. ಆಧಾರಿನಲ್ಲಿ ‘ಶರಣಪ್ಪ’ನೆಂದಿದ್ದು ದಾಖಲೆಯಲ್ಲಿ ‘ಶರಣಬಸಪ್ಪ’ನೆಂದಿದ್ದರೆ ಕಂತು ತಡೆಯಬಹುದು. ತೊಗರಿಯನ್ನು ನಂಬಿ ಬದುಕುವವನಿಗೆ 2000 ರೂಪಾಯಿಯ ಕಂತು ಸಣ್ಣದಲ್ಲ. ತಪ್ಪನ್ನು ಒತ್ತಿದ ಬೆರಳು ಕಚೇರಿಯದು. ಅರ್ಜಿ, ಪ್ರಮಾಣಪತ್ರ, ಬಸ್ಸಿನ ಖರ್ಚು, ಕೂಲಿಯ ನಷ್ಟ ಮಾತ್ರ ರೈತನವು. ಈ ನ್ಯಾಯ ಯಾವ ವ್ಯಾಕರಣದಲ್ಲಿದೆ?

ಆದುದರಿಂದ ಕಂದಾಯದ ಅಧಿಕಾರಿಗಳಿಗೆ ನಮ್ಮ ಸೂಚನೆಗಳು ಮೂರು. ಪ್ರತಿಯೊಂದು ಗ್ರಾಮದ ಹೆಸರಿಗೆ ಒಂದೇ ಕಾಗುಣಿತವನ್ನು ಗೊತ್ತುಪಡಿಸಿ ಎಲ್ಲ ಕಚೇರಿಗಳಲ್ಲಿಯೂ ಅದನ್ನೇ ಬಳಸಬೇಕು. ಹೆಸರನ್ನು ಯಂತ್ರಕ್ಕೆ ಸೇರಿಸುವ ಮೊದಲು ಸಂಬಂಧಪಟ್ಟವನಿಗೆ ಓದಿ ಹೇಳಿ ಅವನ ಒಪ್ಪಿಗೆ ಪಡೆಯಬೇಕು. ಕಚೇರಿಯ ಕೈತಪ್ಪನ್ನು ಕಚೇರಿಯೇ ತನ್ನ ವೆಚ್ಚದಿಂದ, ಗೊತ್ತಾದ ಅವಧಿಯೊಳಗೆ ತಿದ್ದಬೇಕು. ಇವುಗಳಿಗೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಮನಸ್ಸು. ಪತ್ರಿಕೆಗಳಿಗೂ ಉಪಾಧ್ಯಾಯರಿಗೂ ಈ ಮಾತು ಸಲ್ಲುತ್ತದೆ; ನಾಲ್ಕು ಜನ ನೋಡಿ ಕಲಿಯುವ ಬರಹದಲ್ಲಿ ಅಲಕ್ಷ್ಯವು ಅಪರಾಧವೇ ಸರಿ.

ಬಡವನು ಬರೆದ ತಪ್ಪನ್ನು ಒಲವಿನಿಂದ ತಿದ್ದೋಣ. ಮೊಹರು ಬಿದ್ದ ತಪ್ಪಿಗೆ ಲೆಕ್ಕ ಕೇಳೋಣ. ಇಂದು ನಮ್ಮ ಕಚೇರಿಗಳಲ್ಲಿ ನಡೆದಿರುವದು ಇದಕ್ಕೆ ತೀರ ವಿಪರೀತವಾಗಿದೆ.