ಕರ್ನಲ್ ಪಾಠ ಕನ್ನಡದಲ್ಲಿ ಆಗದೇ?

"ಲಿನಕ್ಸಿನ ಒಳಗುಟ್ಟು ಕನ್ನಡದಲ್ಲಿ ಹೇಳಲಾಗದು" ಎನ್ನುವವರಿಗೆ ಕಾಸರಗೋಡಿನ ಕನ್ನಡ ಮಾಸ್ತರರಾದ ನಮ್ಮ ಉತ್ತರ ಇದು. ಲಿನಕ್ಸಿನಲ್ಲಿ ಡಿಸ್ಕು, ಮೌಸು ಎಲ್ಲವೂ '/ಡೆವ್' ಎಂಬ ಹಾಜರಿ ಪುಸ್ತಕದಲ್ಲಿ ಫೈಲುಗಳಾಗಿ ಕಾಣುತ್ತವೆ. ಹಿಂದೆ ಅದನ್ನು ಬರೆಯುತ್ತಿದ್ದ ಡೆವ್‌ಎಫ್‌ಎಸ್ಸನ್ನು 2006ರಲ್ಲಿ, 2.6.18ನೇ ಕರ್ನಲ್ಲಿನಲ್ಲಿ, ಕಿತ್ತುಹಾಕಿದರು. 2009ರಲ್ಲಿ, 2.6.32ರೊಂದಿಗೆ, ಡೆವ್‌ಟಿಎಂಪಿಎಫ್‌ಎಸ್ ಬಂತು.

ಕರ್ನಲ್ ಕಟ್ಟುವಾಗ ಇದಕ್ಕೆ ಎರಡು ಮುಖ್ಯ ಆಯ್ಕೆ. ಮೊದಲನೆಯದು ಪುಸ್ತಕ ಬರೆಯುತ್ತದೆ. ಎರಡನೆಯದು ಬೂಟ್ ಆಗುವಾಗ ಅದನ್ನು ತಾನಾಗಿ ಮೌಂಟ್ ಮಾಡುತ್ತದೆ, ಅಂದರೆ ತೆರೆದು ಮೇಜಿನ ಮೇಲಿಡುತ್ತದೆ. ಇನಿಟ್‌ರಾಮ್‌ಎಫ್‌ಎಸ್ ಮೂಲಕ ಬೂಟ್ ಆದರೆ ಎರಡನೆಯದು ಲೆಕ್ಕಕ್ಕಿಲ್ಲ. ಮೌಂಟ್ ಆಜ್ಞೆಯನ್ನು ನಾವೇ ಬರೆಯಬೇಕು.

ಇಷ್ಟೂ ಕನ್ನಡದಲ್ಲೇ ಹೇಳಿದೆವಲ್ಲ, ಭಾಷೆ ಎಲ್ಲಿ ಸೋತಿತು? ಕೇರಳದ ಶಾಲಾ ಲ್ಯಾಬುಗಳಲ್ಲಿ ಲಿನಕ್ಸ್ ಇದೆ, ಎದುರಿಗೆ ನಮ್ಮ ಮಕ್ಕಳಿದ್ದಾರೆ. ಬಾಯಿ ತೆರೆಯಬೇಕಾದವರು ನಾವು.